ಮನೆಯಲ್ಲಿ ಓಡಿದ ಪ್ರೋಗ್ರಾಂ ಲ್ಯಾಬಿನಲ್ಲಿ ಏಕೆ ಓಡದು?

ರಾಣೆಬೆನ್ನೂರು ಬೀಜದ ಊರು. ಹೈಬ್ರಿಡ್ ಬೀಜದ ವ್ಯಾಪಾರಕ್ಕೆ ಹೆಸರಾದ ಈ ಊರಿನವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ಹೊಲದಲ್ಲಿ ಚೆನ್ನಾಗಿ ಬಂದ ಬೀಜ ಇನ್ನೊಂದು ಹೊಲದಲ್ಲೂ ಹಾಗೆಯೇ ಬರುತ್ತದೆ ಎನ್ನುವ ಭರವಸೆ ಇಲ್ಲ. ಎರೆ ನೆಲದ ಗುಣ ಬೇರೆ, ಮಸಾರಿ ನೆಲದ ಗುಣ ಬೇರೆ. ಅದಕ್ಕೇ ಹೊಸ ತಳಿಯೊಂದನ್ನು ಹಲವು ಕಡೆ ಬಿತ್ತಿ ನೋಡಿ, ಆಮೇಲೆ ಪೇಟೆಗೆ ಬಿಡುತ್ತಾರೆ.

ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಇಂಥ 'ನೆಲ' ಇದೆ ಎಂಬುದು ಹೊಸದಾಗಿ ಕಲಿಯುವ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿಯುವುದು ಪರೀಕ್ಷೆಯ ದಿನ. ರಾತ್ರಿಯೆಲ್ಲ ಕುಳಿತು ಮನೆಯ ಲ್ಯಾಪ್‌ಟಾಪಿನಲ್ಲಿ ಬರೆದ ಪ್ರೋಗ್ರಾಂ ಕಾಲೇಜಿನ ಲ್ಯಾಬಿನಲ್ಲಿ ಮುಗ್ಗರಿಸುತ್ತದೆ. "ಮನ್ಯಾಗ ಚಲೋ ಓಡಿತ್ರೀ ಸರ್, ಇಲ್ಲಿ ಯಾಕೋ ಓಡವಲ್ದು" ಎಂಬ ಮಾತನ್ನು ಕೇಳದ ಲ್ಯಾಬು ಇರಲಾರದು. ಮಗ ಓದಿಲ್ಲ ಎಂದು ತಂದೆಗೆ ಅನುಮಾನ, ಕಂಪ್ಯೂಟರೇ ಕೆಟ್ಟಿದೆ ಎಂದು ಮಗನಿಗೆ ಅನುಮಾನ. ಎಷ್ಟೋ ಸಲ ಎರಡೂ ತಪ್ಪು. ಬದಲಾಗಿರುವುದು ಇಂಟರ್‌ಪ್ರಿಟರಿನ ಆವೃತ್ತಿ.

ದುಭಾಷಿ ಬದಲಾದರೆ

ನಾವು ಬರೆಯುವ ಪ್ರೋಗ್ರಾಮಿನ ಭಾಷೆ ಕಂಪ್ಯೂಟರಿಗೆ ನೇರವಾಗಿ ಅರ್ಥವಾಗುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಬರೆದದ್ದನ್ನು ಓದಿ ಆಗಲೇ ಕೆಲಸ ಮಾಡಿಸುವ ಇಂಥ ದುಭಾಷಿಯೇ ಇಂಟರ್‌ಪ್ರಿಟರ್. ನೆದರ್‌ಲೆಂಡ್ಸ್‌ನ ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಇಂಥ ಇಂಟರ್‌ಪ್ರಿಟರಿನ ಮೇಲೆ ನಡೆಯುವ ಭಾಷೆ. ಇಂದು ಶಾಲೆ ಕಾಲೇಜುಗಳಲ್ಲಿ ಮೊದಲ ಪಾಠವಾಗಿ ಕಲಿಸುವ ಭಾಷೆಗಳಲ್ಲಿ ಅದೂ ಒಂದು. 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೇ ಪೈಥಾನ್ ಆಯ್ಕೆಯ ವಿಷಯವಾಗಿ ಬಂದಿದೆ. 1980ರಲ್ಲಿ ರಾಣೆಬೆನ್ನೂರಿನಲ್ಲಿ ಆರಂಭವಾದ ತರಳಬಾಳು ಜಗದ್ಗುರು ತಾಂತ್ರಿಕ ಕಾಲೇಜು ಸೇರಿದಂತೆ ನಾಡಿನ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಈ ವಿಶ್ವವಿದ್ಯಾಲಯದ ಅಡಿಯಲ್ಲಿವೆ.

ಭಾಷೆ ಎಂದ ಮೇಲೆ ಅದು ಬದಲಾಗಲೇಬೇಕು. ಹಳಗನ್ನಡದಲ್ಲಿ 'ಪಾಲ್' ಎಂದರೆ ಹಾಲು ಎಂಬ ಅರ್ಥವೂ ಇತ್ತು. ಇಂದಿನ ಓದುಗನಿಗೆ 'ಪಾಲು' ಎಂದರೆ ಭಾಗ, ಅಷ್ಟೆ. ಅರ್ಥವಾಗದ ಹಳೆಯ ಪದ ಬಂದರೆ ಓದುಗ ನಿಂತು ನಿಘಂಟು ತೆಗೆಯುತ್ತಾನೆ. ಆದರೆ 'ಪಾಲು' ಎಂಬಂಥ ಪದ ಬಂದರೆ ನಿಲ್ಲುವುದೇ ಇಲ್ಲ. ತನಗೆ ತಿಳಿದ ಅರ್ಥವನ್ನೇ ಹಚ್ಚಿಕೊಂಡು ಮುಂದೆ ಹೋಗುತ್ತಾನೆ. ಪೈಥಾನಿನ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸಗಳಲ್ಲೂ ಇವೇ ಎರಡು ಬಗೆ. ಮೊದಲನೆಯದು ಕೂಗಿ ಹೇಳುತ್ತದೆ, ಎರಡನೆಯದು ಸುಮ್ಮನಿರುತ್ತದೆ. ಹೆದರಬೇಕಾದದ್ದು ಎರಡನೆಯದಕ್ಕೆ.

34.5 ಪಾಸೋ ನಪಾಸೋ?

ಪೈಥಾನ್ 3.0 ಬಂದದ್ದು 2008ರ ಡಿಸೆಂಬರ್ 3ರಂದು. ಹಳೆಯ 2ನೇ ಸಾಲಿನ ಜೊತೆ ಅದು ಬೇಕೆಂದೇ ಹೊಂದಾಣಿಕೆ ಮುರಿದುಕೊಂಡಿತು. ಮರುವರ್ಷ, 2009ರ ಸೆಪ್ಟೆಂಬರಿನಲ್ಲಿ, ದೇಶದ ಮೊದಲ ಪೈಥಾನ್ ಸಮ್ಮೇಳನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಾಗ ಹೊಸ ಸಾಲಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಹಳೆಯ ಸಾಲಿನ ಕೊನೆಯ ಕೊಂಡಿ 2.7 ಬಂದದ್ದು 2010ರಲ್ಲಿ. ಅದರ ಬೆಂಬಲವನ್ನು 2015ಕ್ಕೆ ನಿಲ್ಲಿಸುವುದೆಂದು ಇದ್ದದ್ದು, ಜಗತ್ತು ಇನ್ನೂ ಸಿದ್ಧವಿಲ್ಲ ಎಂದು 2020ರ ಜನವರಿ 1ಕ್ಕೆ ಮುಂದೂಡಲ್ಪಟ್ಟಿತು. ಅಂದರೆ ಹನ್ನೊಂದು ವರ್ಷ ಎರಡೂ ಒಟ್ಟಿಗೆ ಬದುಕಿದವು. ಒಂದೇ ಪ್ರೋಗ್ರಾಂ ಎರಡರಲ್ಲೂ ಓಡುವಂತೆ ಮಾಡುವುದು ಸಾವಿರಾರು ಜನರ ದಿನನಿತ್ಯದ ಕೆಲಸವಾಗಿತ್ತು. ಇದಕ್ಕಾಗಿ 2010ರಲ್ಲಿ ಹುಟ್ಟಿದ ಒಂದು ಸಹಾಯಕ ಕಟ್ಟಿನ ಹೆಸರು 'ಸಿಕ್ಸ್'. ಎರಡು ಮೂರಲಿ ಆರು ಎಂಬ ಮಗ್ಗಿಯೇ ಆ ಹೆಸರಿನ ಗುಟ್ಟು.

ಕೂಗಿ ಹೇಳುವ ಬದಲಾವಣೆಗೆ ಉದಾಹರಣೆ 'ಪ್ರಿಂಟ್'. ಹಳೆಯ ಸಾಲಿನಲ್ಲಿ ಆವರಣ ಚಿಹ್ನೆ ಇಲ್ಲದೆ ಪ್ರಿಂಟ್ ಎಂದು ಬರೆದರೆ ನಡೆಯುತ್ತಿತ್ತು. ಹೊಸದರಲ್ಲಿ ಆವರಣ ಬೇಕೇ ಬೇಕು. ಇಲ್ಲದಿದ್ದರೆ ಪ್ರೋಗ್ರಾಂ ಮೊದಲ ಹೆಜ್ಜೆಯಲ್ಲೇ ನಿಂತು ತಪ್ಪು ತೋರಿಸುತ್ತದೆ. ಐದು ನಿಮಿಷದಲ್ಲಿ ತಿದ್ದಬಹುದು.

ಸುಮ್ಮನಿರುವ ಬದಲಾವಣೆ ಹೇಗಿರುತ್ತದೆ ನೋಡಿ. ಎರಡು ಕಿರುಪರೀಕ್ಷೆಗಳಲ್ಲಿ ಒಬ್ಬ ವಿದ್ಯಾರ್ಥಿ ಒಟ್ಟು 69 ಅಂಕ ಪಡೆದಿದ್ದಾನೆ ಎಂದಿಟ್ಟುಕೊಳ್ಳಿ. ಸರಾಸರಿ 34.5. ಪಾಸಾಗಲು 35 ಬೇಕು. ಅರ್ಧವನ್ನು ಪೂರ್ಣ ಮಾಡುವ ಕೆಲಸವನ್ನು ಶಾಲೆಯ ಪ್ರೋಗ್ರಾಂ 'ರೌಂಡ್' ಎಂಬ ಆದೇಶಕ್ಕೆ ಬಿಟ್ಟಿದೆ. 34.5ನ್ನು ಪೈಥಾನ್ 2 ಮೇಲಕ್ಕೆ ಒಯ್ದು 35 ಮಾಡುತ್ತದೆ: ಹುಡುಗ ಪಾಸ್. ಅದೇ 34.5ನ್ನು ಪೈಥಾನ್ 3 ಕೊಟ್ಟರೆ 34: ಹುಡುಗ ನಪಾಸ್! ಪರದೆಯ ಮೇಲೆ ಯಾವ ತಪ್ಪಿನ ಸೂಚನೆಯೂ ಇಲ್ಲ, ಯಾವ ಕೆಂಪು ಅಕ್ಷರವೂ ಇಲ್ಲ.

ಹೊಸ ಆವೃತ್ತಿ ತಪ್ಪು ಮಾಡಿತೇ? ಇಲ್ಲ. ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುವುದು ಅದರ ನಿಯಮ. 34.5 ಕೆಳಗಿಳಿದು 34 ಆಗುತ್ತದೆ, 35.5 ಮೇಲೇರಿ 36 ಆಗುತ್ತದೆ. ಸಾವಿರಾರು ಸಂಖ್ಯೆಗಳನ್ನು ಕೂಡುವಾಗ ಮೊತ್ತ ಒಂದೇ ಕಡೆಗೆ ವಾಲದಿರಲಿ ಎಂಬುದು ಇದರ ಉದ್ದೇಶ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅದು ಒಳ್ಳೆಯ ನಿಯಮವೇ. ಆದರೆ ಶಾಲೆಯ ನಿಯಮ ಅದಲ್ಲ. ಶಾಲೆಗೆ ಬೇಕಾದ ನಿಯಮ ಯಾವುದು ಎಂದು ಪ್ರೋಗ್ರಾಂ ಬರೆದವನು ಸ್ಪಷ್ಟವಾಗಿ ಹೇಳದೆ ದುಭಾಷಿಯ ಅಭ್ಯಾಸಕ್ಕೆ ಬಿಟ್ಟದ್ದೇ ತಪ್ಪು.

ಪ್ರೋಗ್ರಾಮಿಗೂ ಪ್ರಶ್ನೆಪತ್ರಿಕೆ

ಇಂಥ ಮೌನದ ತಪ್ಪನ್ನು ಹಿಡಿಯುವ ಉಪಾಯವೇ 'ಟೆಸ್ಟ್'. ಅದೊಂದು ಪುಟ್ಟ ಪ್ರಶ್ನೆಪತ್ರಿಕೆ, ಜೊತೆಗೆ ಮಾದರಿ ಉತ್ತರ. "69 ಅಂಕದ ಸರಾಸರಿ ಕೊಡು, ಉತ್ತರ 35 ಬರಬೇಕು." ಇಷ್ಟನ್ನು ಪ್ರೋಗ್ರಾಮಿನ ಪಕ್ಕದಲ್ಲೇ ಬರೆದಿಟ್ಟರೆ, ಬೇಕಾದಾಗ ಕಂಪ್ಯೂಟರೇ ಪ್ರಶ್ನೆ ಕೇಳಿ, ಉತ್ತರ ಹೋಲಿಸಿ, ಸರಿಯೋ ತಪ್ಪೋ ಹೇಳುತ್ತದೆ. ಪೈಥಾನಿನಲ್ಲಿ ಇದಕ್ಕಾಗಿ 'ಯುನಿಟ್‌ಟೆಸ್ಟ್' ಎಂಬ ಸಲಕರಣೆ 2001ರಿಂದ ಭಾಷೆಯ ಜೊತೆಗೇ ಬರುತ್ತದೆ. ಹಣ ಕೊಟ್ಟು ಕೊಳ್ಳಬೇಕಾದದ್ದು ಏನೂ ಇಲ್ಲ.

ಮೇಲಿನ ಟೆಸ್ಟ್ ಹಳೆಯ ಪೈಥಾನಿನಲ್ಲಿ ಪಾಸಾಗಿ ಹೊಸದರಲ್ಲಿ ಫೇಲಾಗುತ್ತದೆ. ಆಗ ಪ್ರೋಗ್ರಾಮಿನಲ್ಲಿ 'ಡೆಸಿಮಲ್' ಎಂಬ ಲೆಕ್ಕದ ಕಟ್ಟನ್ನು ಬಳಸಿ, "ಅರ್ಧ ಬಂದರೆ ಮೇಲಕ್ಕೆ" ಎಂಬ ನಿಯಮವನ್ನು ಬಾಯಿಬಿಟ್ಟು ಬರೆದರೆ ಎರಡೂ ಆವೃತ್ತಿಗಳಲ್ಲಿ 35 ಬರುತ್ತದೆ. ಟೆಸ್ಟ್ ಇಲ್ಲದಿದ್ದರೆ ಈ ತಪ್ಪು ಗೊತ್ತಾಗುತ್ತಿದ್ದದ್ದು ಅಂಕಪಟ್ಟಿ ಮನೆಗೆ ಬಂದ ಮೇಲೆ.

ಆದರೆ ಇಲ್ಲೊಂದು ತಿರುವು ಇದೆ. ಪ್ರಶ್ನೆಪತ್ರಿಕೆಯೂ ಅದೇ ಭಾಷೆಯಲ್ಲಿ ಬರೆದದ್ದಲ್ಲವೇ? ಆವೃತ್ತಿ ಬದಲಾದಾಗ ಪ್ರಶ್ನೆಪತ್ರಿಕೆಯೇ ಕೆಡಬಹುದು! ಆದ್ದರಿಂದ ಹೊಸ ಆವೃತ್ತಿಯಲ್ಲಿ ಟೆಸ್ಟ್ ಫೇಲಾದರೆ ಮೊದಲು ಕೇಳಬೇಕಾದ ಪ್ರಶ್ನೆ, "ಫೇಲಾದದ್ದು ವಿದ್ಯಾರ್ಥಿಯೋ, ಪ್ರಶ್ನೆಪತ್ರಿಕೆಯೋ?"

ಮೂರು ಕಾರಣಗಳು

ಒಂದು, ಪ್ರೋಗ್ರಾಮೇ ತಪ್ಪಾಗಿರಬಹುದು. 34.5ರ ಕಥೆ ಈ ಬಗೆಯದು. ಆಗ ಪ್ರೋಗ್ರಾಮನ್ನೇ ತಿದ್ದಬೇಕು. ಟೆಸ್ಟಿನ ಮಾದರಿ ಉತ್ತರವನ್ನು 35ರಿಂದ 34ಕ್ಕೆ ಬದಲಿಸಿ "ಪಾಸಾಯಿತು" ಎನ್ನುವುದು ಉತ್ತರ ನೋಡಿಕೊಂಡು ಲೆಕ್ಕ ಹೊಂದಿಸಿದಂತೆ.

ಎರಡು, ಟೆಸ್ಟಿನ ಮಾತೇ ಹಳತಾಗಿರಬಹುದು. ಯುನಿಟ್‌ಟೆಸ್ಟಿನಲ್ಲಿ ಎರಡು ಉತ್ತರ ಸಮವೇ ಎಂದು ನೋಡಲು 'ಅಸರ್ಟ್‌ಈಕ್ವಲ್' ಎಂಬ ಆದೇಶವಿದೆ. ಅದಕ್ಕೇ 'ಅಸರ್ಟ್‌ಈಕ್ವಲ್ಸ್' ಎಂಬ ಇನ್ನೊಂದು ಹೆಸರೂ ಇತ್ತು. ಕೊನೆಯ 'ಸ್' ಒಂದೇ ವ್ಯತ್ಯಾಸ. ಈ ಎರಡನೆಯ ಹೆಸರನ್ನು ಬಳಸಬೇಡಿ ಎಂದು ಇಂಟರ್‌ಪ್ರಿಟರ್ ವರ್ಷಗಟ್ಟಲೆ ಎಚ್ಚರಿಸುತ್ತ ಬಂತು. ಕೊನೆಗೆ 2023ರ ಅಕ್ಟೋಬರಿನಲ್ಲಿ ಬಂದ 3.12ರಲ್ಲಿ ಅದನ್ನು ತೆಗೆದೇಹಾಕಿದರು. ಪ್ರೋಗ್ರಾಮುಗಳಲ್ಲಿ ಒಂದಕ್ಷರದ ದೋಷವಿಲ್ಲದಿದ್ದರೂ ಹಳೆಯ ಪುಸ್ತಕ ನೋಡಿ ಬರೆದ ಟೆಸ್ಟುಗಳು ಒಮ್ಮೆಲೇ ಬಿದ್ದುಹೋದವು. ಎಚ್ಚರಿಕೆಯ ಸಾಲುಗಳನ್ನು ಓದದೆ ಮುಂದೆ ಹೋಗುವವರಿಗೆ ಇದೊಂದು ಪಾಠ.

ಮೂರು, ಟೆಸ್ಟ್ ಬೇಡದ್ದನ್ನೆಲ್ಲ ಕೇಳುತ್ತಿರಬಹುದು. ಉತ್ತರ ಸರಿಯಿದ್ದರೂ "ನನ್ನ ನೋಟ್ಸಿನ ವಾಕ್ಯವೇ ಬೇಕು" ಎನ್ನುವ ಮೇಷ್ಟ್ರ ಹಾಗೆ. ಆಜ್ಞೆಯ ಮೂಲಕ ಓಡಿಸುವ ಪ್ರೋಗ್ರಾಂಗಳು ಸಹಾಯ ಕೇಳಿದಾಗ ಒಂದು ಪಟ್ಟಿ ತೋರಿಸುತ್ತವೆ. ಪೈಥಾನ್ ತಾನೇ ಸಿದ್ಧಮಾಡಿ ಕೊಡುವ ಆ ಪಟ್ಟಿಯ ತಲೆಬರಹ 'ಆಪ್ಷನಲ್ ಆರ್ಗ್ಯುಮೆಂಟ್ಸ್' ಎಂದಿತ್ತು. 2021ರಲ್ಲಿ ಬಂದ 3.10ರಲ್ಲಿ ಅದು ಬರೀ 'ಆಪ್ಷನ್ಸ್' ಆಯಿತು. ಕೆಲಸದಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೆ ಇಡೀ ಪಟ್ಟಿಯನ್ನು ಅಕ್ಷರಶಃ ಹೋಲಿಸುತ್ತಿದ್ದ ಟೆಸ್ಟುಗಳೆಲ್ಲ ಫೇಲು. ಪದಗಳ ಗುಂಪನ್ನು ಇಂಥದೇ ಕ್ರಮದಲ್ಲಿ ಬರಬೇಕೆಂದು ನಿರೀಕ್ಷಿಸುವುದೂ ಇದೇ ಜಾತಿಯ ತಪ್ಪು. ಪೈಥಾನಿನ 'ಸೆಟ್' ಎಂಬ ಸಂಗ್ರಹಕ್ಕೆ ಕ್ರಮದ ಭರವಸೆಯೇ ಇಲ್ಲ. ಇವತ್ತು ಒಂದು ಕ್ರಮ, ನಾಳೆ ಇನ್ನೊಂದು. 'ಡಿಕ್ಷನರಿ' ಎಂಬ ಸಂಗ್ರಹಕ್ಕೆ ಹಾಕಿದ ಕ್ರಮ ಉಳಿಯುತ್ತದೆ ಎಂಬ ಭರವಸೆ ಸಿಕ್ಕಿದ್ದು 2018ರ 3.7ರಿಂದ ಮಾತ್ರ.

ಮೂರನೆಯ ಬಗೆಗೆ ಮದ್ದು ಒಂದೇ: ರೂಪವನ್ನು ಬಿಟ್ಟು ಅರ್ಥವನ್ನು ಪರೀಕ್ಷಿಸಿ. ಕ್ರಮ ಮುಖ್ಯವಲ್ಲದಿದ್ದರೆ ಎರಡೂ ಪಟ್ಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸಿ. ತಪ್ಪು ಬರಬೇಕಾದ ಕಡೆ ಯಾವ ಜಾತಿಯ ತಪ್ಪು ಬಂತು ಎಂದು ನೋಡಿ. ಅದರ ಇಂಗ್ಲಿಷ್ ವಾಕ್ಯವನ್ನು ಹೋಲಿಸಬೇಡಿ. ಆ ವಾಕ್ಯಗಳನ್ನು ಪ್ರತಿ ಆವೃತ್ತಿಯಲ್ಲೂ ತಿದ್ದುತ್ತಿರುತ್ತಾರೆ.

ಕನ್ನಡಕ್ಕೆ ಬಂದಾಗ

ಇಂಗ್ಲಿಷ್ ಪದಗಳನ್ನಷ್ಟೇ ಬಳಸುವ ಪ್ರೋಗ್ರಾಮಿಗಿಂತ ಕನ್ನಡ ಬಳಸುವ ಪ್ರೋಗ್ರಾಮಿಗೆ ಆವೃತ್ತಿಯ ಬಿಸಿ ಹೆಚ್ಚು ತಾಗುತ್ತದೆ. 'ರಾಣೆಬೆನ್ನೂರು' ಎಂಬ ಪದದ ಉದ್ದ ಎಷ್ಟು ಎಂದು ಕೇಳಿ. ನಮ್ಮ ಎಣಿಕೆಯಲ್ಲಿ ರಾ, ಣೆ, ಬೆ, ನ್ನೂ, ರು: ಐದು ಅಕ್ಷರ. ಪೈಥಾನ್ 3 ಹೇಳುವುದು 12. ಅದು ಮೂಲಾಕ್ಷರ, ಸ್ವರಚಿಹ್ನೆ, ಹಲಂತದ ಗುರುತು ಎಲ್ಲವನ್ನೂ ಯುನಿಕೋಡ್ ಸಂಕೇತಗಳಾಗಿ ಬೇರೆ ಬೇರೆ ಎಣಿಸುತ್ತದೆ. ಪೈಥಾನ್ 2ರಲ್ಲಿ ಸಾಮಾನ್ಯ ರೀತಿಯಲ್ಲಿ ಬರೆದ ಪದಕ್ಕೆ ಉತ್ತರ 36! ಅದು ಎಣಿಸುತ್ತಿದ್ದದ್ದು ಬೈಟುಗಳನ್ನು. ಯುಟಿಎಫ್-8 ಎಂಬ ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೇಲೆ ಟೆಸ್ಟ್ ನಡೆಸಿದರೆ ಈ ವ್ಯತ್ಯಾಸ ಗೋಚರಿಸುವುದೇ ಇಲ್ಲ. ಏಕೆಂದರೆ ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಸಂಕೇತ, ಒಂದೇ ಬೈಟು. ಕನ್ನಡದ ಹೆಸರುಗಳನ್ನು ಟೆಸ್ಟಿನಲ್ಲಿ ಸೇರಿಸಬೇಕು ಎನ್ನುವುದು ಬರೀ ಅಭಿಮಾನದ ಮಾತಲ್ಲ, ತಪ್ಪು ಹಿಡಿಯುವ ದಾರಿಯೂ ಹೌದು.

ಕನ್ನಡ ಅಂಕಿಗಳದು ಸಂತೋಷದ ಸುದ್ದಿ. '೧೨೩' ಎಂಬ ಬರಹವನ್ನು ಸಂಖ್ಯೆಯಾಗಿ ಮಾರ್ಪಡಿಸು ಎಂದರೆ ಪೈಥಾನ್ 3 ತಕರಾರಿಲ್ಲದೆ 123 ಎನ್ನುತ್ತದೆ. ಹಳೆಯ ಸಾಲಿನಲ್ಲಿ ಸಾಮಾನ್ಯ ರೀತಿಯಲ್ಲಿ ಬರೆದರೆ ಇದೇ ಬರಹಕ್ಕೆ ತಪ್ಪಿನ ಸೂಚನೆ ಬರುತ್ತಿತ್ತು.

2 ಮತ್ತು 3ರ ಜಗಳ ಮುಗಿದ ಮೇಲೆ ಈ ಸಮಸ್ಯೆಯೂ ಮುಗಿಯಿತು ಎಂದುಕೊಳ್ಳುವಂತಿಲ್ಲ. ಹಳೆಯ ಕನ್ನಡ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಒಂದು ಪ್ರತ್ಯೇಕ ರೂಪವಿತ್ತು. ಅದರ ಹೆಸರು ನಕಾರ ಪೊಲ್ಲು. ಯುನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 2021ರ 14ನೇ ಆವೃತ್ತಿಯಲ್ಲಿ. ಪ್ರತಿ ಪೈಥಾನ್ ಆವೃತ್ತಿಯೂ ತನ್ನ ಕಾಲದ ಯುನಿಕೋಡ್ ಪಟ್ಟಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬರುತ್ತದೆ. 3.10ರಲ್ಲಿರುವುದು 13ನೇ ಪಟ್ಟಿ, 2022ರ 3.11ರಲ್ಲಿರುವುದು 14ನೇ ಪಟ್ಟಿ. ಹಾಗಾಗಿ "ಇದು ಅಕ್ಷರವೇ?" ಎಂದು ನಕಾರ ಪೊಲ್ಲನ್ನು ತೋರಿಸಿ ಕೇಳಿದರೆ 3.10 'ಅಲ್ಲ' ಎನ್ನುತ್ತದೆ, 3.11 'ಹೌದು' ಎನ್ನುತ್ತದೆ. ಹಳೆಯ ಕನ್ನಡ ಗ್ರಂಥಗಳ ಪದಸೂಚಿ ಮಾಡುವ ಪ್ರೋಗ್ರಾಂ ಒಂದು ಕಂಪ್ಯೂಟರಿನಲ್ಲಿ ಪದವನ್ನು ಇಡಿಯಾಗಿ ತೆಗೆದುಕೊಂಡು, ಇನ್ನೊಂದರಲ್ಲಿ ತುಂಡರಿಸಬಹುದು.

ಇಲ್ಲಿ ಪ್ರೋಗ್ರಾಮಿನ ತಪ್ಪೂ ಇಲ್ಲ, ಟೆಸ್ಟಿನ ತಪ್ಪೂ ಇಲ್ಲ. ಹಳೆಯ ಇಂಟರ್‌ಪ್ರಿಟರಿಗೆ ಆ ಅಕ್ಷರದ ಪರಿಚಯವೇ ಇಲ್ಲ. ಇಂಥಲ್ಲಿ "3.11ಕ್ಕಿಂತ ಹಳೆಯದಾದರೆ ಈ ಪ್ರಶ್ನೆಯನ್ನು ಬಿಟ್ಟುಬಿಡು" ಎಂದು ಟೆಸ್ಟಿಗೆ ಹೇಳುವ ಅವಕಾಶವಿದೆ. ಜೊತೆಗೆ ಬಿಟ್ಟ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು. ಕಾರಣ ಬರೆಯದೆ ಕಷ್ಟವಾದ ಪ್ರಶ್ನೆಗಳನ್ನೆಲ್ಲ ಬಿಡುತ್ತ ಹೋದರೆ ಉಳಿಯುವುದು ಖಾಲಿ ಹಾಳೆ. ಖಾಲಿ ಹಾಳೆಯಲ್ಲಿ ತಪ್ಪುಗಳೇ ಇರುವುದಿಲ್ಲ!

ಒಂಬತ್ತು ದೊಡ್ಡದೋ ಹತ್ತು ದೊಡ್ಡದೋ?

ಆವೃತ್ತಿಯನ್ನು ವಿಚಾರಿಸುವಾಗಲೂ ಎಡವುವವರಿದ್ದಾರೆ. 3.9 ಮತ್ತು 3.10ರಲ್ಲಿ ಹೊಸದು ಯಾವುದು? ದಶಮಾಂಶ ಕಲಿತವರು 3.9 ದೊಡ್ಡದು ಎಂದಾರು. ಬರಹವಾಗಿ ಹೋಲಿಸಿದರೆ ಕಂಪ್ಯೂಟರೂ ಹಾಗೆಯೇ ಹೇಳುತ್ತದೆ, ಏಕೆಂದರೆ ಅದು ಚುಕ್ಕೆಯ ನಂತರದ 9ನ್ನು 1ರ ಜೊತೆ ಹೋಲಿಸುತ್ತದೆ. ಆದರೆ ಅದು ದಶಮಾಂಶದ ಚುಕ್ಕೆಯಲ್ಲ. ಮೂರನೇ ಸಾಲಿನ ಒಂಬತ್ತನೆಯದು, ಮೂರನೇ ಸಾಲಿನ ಹತ್ತನೆಯದು ಎಂದು ಓದಬೇಕು. ಆವೃತ್ತಿಯ ಮೊದಲ ಮೂರು ಅಕ್ಷರಗಳನ್ನಷ್ಟೇ ನೋಡುತ್ತಿದ್ದ ಪ್ರೋಗ್ರಾಮುಗಳು 3.10 ಬಂದಾಗ ಅದನ್ನು ಬಹಳ ಹಳೆಯ 3.1 ಎಂದೇ ತಿಳಿದವು. ಇದಕ್ಕಾಗಿ ಪೈಥಾನ್ ಆವೃತ್ತಿಯನ್ನು ಬಿಡಿಬಿಡಿ ಸಂಖ್ಯೆಗಳಾಗಿಯೂ ಕೊಡುತ್ತದೆ. ಹೋಲಿಸಬೇಕಾದದ್ದು ಅವುಗಳನ್ನು.

ಎಷ್ಟು ಆವೃತ್ತಿಗಳಲ್ಲಿ ನೋಡಬೇಕು?

2020ರ ಅಕ್ಟೋಬರಿನ 3.9ರಿಂದೀಚೆಗೆ ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೊಸ ಪೈಥಾನ್ ಬರುವ ಪದ್ಧತಿ ಇದೆ. ಒಂದೊಂದಕ್ಕೂ ಸುಮಾರು ಐದು ವರ್ಷದ ಆಯುಸ್ಸು. ಅಂದರೆ ಯಾವ ಕಾಲಕ್ಕೂ ಐದಾರು ಆವೃತ್ತಿಗಳು ಚಾಲ್ತಿಯಲ್ಲಿರುತ್ತವೆ. ಎಲ್ಲದರಲ್ಲೂ ಕೈಯಾರೆ ಟೆಸ್ಟ್ ಓಡಿಸುವುದು ಬೇಸರದ ಕೆಲಸ. ಜರ್ಮನಿಯ ಹೋಲ್ಗರ್ ಕ್ರೆಕೆಲ್ 2010ರಲ್ಲಿ ಆರಂಭಿಸಿದ 'ಟಾಕ್ಸ್' ಎಂಬ ಉಚಿತ ಸಲಕರಣೆ ಈ ಬೇಸರವನ್ನು ತಪ್ಪಿಸುತ್ತದೆ. ಯಾವ ಯಾವ ಆವೃತ್ತಿ ಬೇಕೆಂದು ಒಂದು ಕಡೆ ಬರೆದಿಟ್ಟರೆ, ಅದು ಒಂದೊಂದಕ್ಕೂ ಪ್ರತ್ಯೇಕ ಕೋಣೆ ಕಟ್ಟಿ, ಒಂದರ ಸಾಮಾನು ಇನ್ನೊಂದಕ್ಕೆ ಬೆರೆಯದಂತೆ ನೋಡಿಕೊಂಡು, ಅದೇ ಪ್ರಶ್ನೆಪತ್ರಿಕೆಯನ್ನು ಎಲ್ಲಕ್ಕೂ ಕೊಟ್ಟು ಫಲಿತಾಂಶದ ಪಟ್ಟಿ ಮುಂದಿಡುತ್ತದೆ. ಆದರೆ ಆ ಇಂಟರ್‌ಪ್ರಿಟರುಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ಹಾಕಿಟ್ಟಿರಬೇಕು.

ಎಲ್ಲ ಆವೃತ್ತಿಗಳನ್ನೂ ಎಂದೆಂದಿಗೂ ಸಲಹುತ್ತೇನೆ ಎಂದು ಹೊರಡುವುದೂ ಜಾಣತನವಲ್ಲ. ಪೈಥಾನ್ ಕಟ್ಟುಗಳನ್ನು ತಂದು ಹಾಕುವ 'ಪಿಪ್' ಎಂಬ ಸಲಕರಣೆಯೇ 2021ರ ಜನವರಿಯಲ್ಲಿ ಪೈಥಾನ್ 2ರ ಕೈಬಿಟ್ಟಿತು. ಬೀಜದ ಪೊಟ್ಟಣದ ಚೀಟಿಯಲ್ಲಿ ಮೊಳಕೆಯ ಪ್ರಮಾಣವನ್ನೂ ಪರೀಕ್ಷೆಯ ದಿನಾಂಕವನ್ನೂ ನಮೂದಿಸುವ ಹಾಗೆ, ಪ್ರೋಗ್ರಾಮಿನ ಮೇಲೂ "ಇಂತಿಂಥ ಆವೃತ್ತಿಗಳಲ್ಲಿ ಪರೀಕ್ಷಿಸಲಾಗಿದೆ" ಎಂಬ ಚೀಟಿ ಇರಬೇಕು. ಚೀಟಿಯಲ್ಲಿ ಬರೆದ ಆವೃತ್ತಿಗಳಲ್ಲಿ ಅದು ತಪ್ಪದೆ ನಡೆಯಬೇಕು. ಬರೆಯದ ಆವೃತ್ತಿಗೆ ಪ್ರೋಗ್ರಾಂ ಬರೆದವನು ಹೊಣೆಯಲ್ಲ.

ಪೋಷಕರಿಗೆ ಒಂದು ಮಾತು

ಇದಕ್ಕೆಲ್ಲ ದುಬಾರಿ ಕಂಪ್ಯೂಟರ್ ಬೇಕಿಲ್ಲ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪೇ ಸಾಕು. ಪೈಥಾನಿನ ಹಳೆಯ, ಹೊಸ ಆವೃತ್ತಿಗಳೆಲ್ಲ ಉಚಿತ, ಎರಡು ಮೂರನ್ನು ಒಂದೇ ಯಂತ್ರದಲ್ಲಿ ಜೊತೆಜೊತೆಗೆ ಇಟ್ಟುಕೊಳ್ಳಬಹುದು. ಲ್ಯಾಬ್ ಪರೀಕ್ಷೆಗೆ ವಾರವಿರುವಾಗ ಕಾಲೇಜಿನ ಕಂಪ್ಯೂಟರಿನಲ್ಲಿರುವ ಆವೃತ್ತಿ ಯಾವುದೆಂದು ಕೇಳಿಕೊಂಡು ಬಂದು, ಮನೆಯಲ್ಲೂ ಅದನ್ನೇ ಹಾಕಿ ಅಭ್ಯಾಸ ಮಾಡಿದರೆ ಅರ್ಧ ಭಯ ಹೋಗುತ್ತದೆ.

ಮಕ್ಕಳನ್ನು ಕೇಳುವ ಪ್ರಶ್ನೆಯನ್ನೂ ಸ್ವಲ್ಪ ಬದಲಿಸಿಕೊಳ್ಳಬಹುದು. "ಪ್ರೋಗ್ರಾಂ ಓಡಿತೇನು?" ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಬೇರೆಯವರ ಕಂಪ್ಯೂಟರಿನಲ್ಲೂ ಇದೇ ಉತ್ತರ ಬರುತ್ತದೆಯೇ? ನಿನಗೆ ಹೇಗೆ ಗೊತ್ತು?" ಎಂದು ಕೇಳಿ ನೋಡಿ. ಕಂಪ್ಯೂಟರ್ ಗೊತ್ತಿಲ್ಲದ ತಾಯಿಯೂ ಕೇಳಬಹುದಾದ ಪ್ರಶ್ನೆ ಇದು. ಮುಂದೆ ಯಾವ ಕಂಪನಿಯಲ್ಲಿ ಕೆಲಸಕ್ಕೆ ಕುಳಿತರೂ ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಎದುರಾಗುತ್ತದೆ.

ಈ ವಾರದ ಅಭ್ಯಾಸ

3.10 ಮತ್ತು 3.12, ಈ ಎರಡು ಆವೃತ್ತಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಳ್ಳಿ. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಅದರ ಉದ್ದ ಕೇಳುವ, 35.5ನ್ನು ಪೂರ್ಣಾಂಕ ಮಾಡುವ, '೪೨'ನ್ನು ಸಂಖ್ಯೆಯಾಗಿಸುವ ಮೂರು ಟೆಸ್ಟುಗಳನ್ನು ಬರೆಯಿರಿ. ಓಡಿಸುವ ಮೊದಲು ಉತ್ತರಗಳನ್ನು ಕಾಗದದ ಮೇಲೆ ಊಹಿಸಿ ಬರೆದಿಡಿ. ನಾಲ್ಕನೆಯದಾಗಿ, ಬೇಕೆಂದೇ 'ಅಸರ್ಟ್‌ಈಕ್ವಲ್ಸ್' ಬಳಸಿ ಇನ್ನೊಂದು ಟೆಸ್ಟ್ ಬರೆಯಿರಿ. ಮೊದಲ ಮೂರು ಎರಡರಲ್ಲೂ ಪಾಸಾಗಬೇಕು. ನಾಲ್ಕನೆಯದು 3.10ರಲ್ಲಿ ಪಾಸಾಗಿ 3.12ರಲ್ಲಿ ಬೀಳುತ್ತದೆ. ಬಿದ್ದದ್ದು ಪ್ರೋಗ್ರಾಮೋ ಪ್ರಶ್ನೆಪತ್ರಿಕೆಯೋ ಎಂದು ಮನೆಯವರಿಗೆ ಬಿಡಿಸಿ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದೇ ಲೆಕ್ಕ.